ಸಾಲ ತೀರಿಸಿದ ನಗೆ

ಆಸ್ಥಾನದ ವಿದೂಷಕನಿಗೆ ಅರಸನೊಬ್ಬನು ನಕ್ಕರೆ ಸಾಕು. ಊರೂರು ತಿರುಗುವ ಹಾಸ್ಯಗಾರನಿಗೋ ಪ್ರತಿ ಸಂಜೆಯೂ ಹೊಸ ಸಭೆ, ಹೊಸ ಪರೀಕ್ಷೆ. ಈ ವೃತ್ತಿಯ ಬೆಲೆಯೇನೆಂಬುದು ಅಮೆರಿಕದ ಮಾರ್ಕ್ ಟ್ವೇನನ ಬಾಳಿನಿಂದ ತಿಳಿಯುವುದು.

ಅಚ್ಚುಮೊಳೆಗಳನ್ನು ಜೋಡಿಸುವ ಯಂತ್ರವೊಂದಕ್ಕೆ ಆತನು ಅಪಾರ ಧನವನ್ನು ಸುರಿದಿದ್ದನು. 1894ರಲ್ಲಿ ಆತನ ಪ್ರಕಟನಾಲಯವೂ ದಿವಾಳಿಯಾಯಿತು. ಸಾಲದ ಒಂದಂಶವನ್ನು ಕೊಟ್ಟು ಕಾನೂನಿನ ಮರೆಹೊಗಬಹುದಾಗಿದ್ದಿತು. ಆದರೆ ಪೂರ್ತಿಯಾಗಿ ಸಲ್ಲಿಸುವುದೇ ಧರ್ಮವೆಂದು ಬಗೆದು, 1895ರ ಜುಲೈ ತಿಂಗಳಲ್ಲಿ, ಅರುವತ್ತರ ಹೊಸ್ತಿಲಲ್ಲಿ, ಹೆಂಡತಿಯನ್ನೂ ನಡುವಣ ಮಗಳಾದ ಕ್ಲಾರಾಳನ್ನೂ ಕೂಡಿಕೊಂಡು ಲೋಕಸಂಚಾರಕ್ಕೆ ಹೊರಟನು. ಹಿರಿಯವಳಾದ ಸೂಸಿಯೂ ಕಿರಿಯವಳಾದ ಜೀನಳೂ ತಾಯ್ನಾಡಿನಲ್ಲಿಯೇ ಉಳಿದರು.

ಆಸ್ಟ್ರೇಲಿಯ, ನ್ಯೂಜಿಲೆಂಡ್, ಸಿಂಹಳ. 1896ರ ಜನವರಿಯಲ್ಲಿ ಮುಂಬಯಿ. ಬಳಿಕ ಕಾಶಿ, ಕಲ್ಕತ್ತೆ, ಡಾರ್ಜಿಲಿಂಗ್. ಕೊನೆಗೆ ದಕ್ಷಿಣ ಆಫ್ರಿಕ. ನಡುನಡುವೆ ಹುಣ್ಣು, ಕೆಮ್ಮುಗಳು ಕಾಡಿದವು. ಆದರೂ ವೇದಿಕೆಯ ಮೇಲೆ ಒಬ್ಬನೇ ನಿಂತು, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ ಕಥೆ ಹೇಳಿ ಜನರನ್ನು ನಗಿಸುತ್ತಿದ್ದನು. ಮಾತಿನ ನಡುವಣ ಮೌನವೇ ಆತನ ಮುಖ್ಯ ಸಾಧನ.

ಸಂಚಾರವು ಮುಗಿದು ಆತನು ಇಂಗ್ಲೆಂಡಿನಲ್ಲಿದ್ದಾಗ ಸೂಸಿಗೆ ಕಾಯಿಲೆಯೆಂಬ ವಾರ್ತೆ ಬಂದಿತು. ತಾಯಿಯೂ ಕ್ಲಾರಾಳೂ ಹಡಗನ್ನೇರಿದರು. ಅವರು ನಡುಗಡಲಿನಲ್ಲಿರುವಾಗಲೇ, ಆಗಸ್ಟ್ 18ರಂದು, 24 ವರ್ಷದ ಆ ಮಗಳು ಮೆದುಳುಪೊರೆಯ ಬೇನೆಯಿಂದ ತೀರಿಕೊಂಡಳು. ಆ ಸುದ್ದಿಯ ತಂತಿಯನ್ನು ತಂದೆಯು ಒಂಟಿಯಾಗಿ ಓದಬೇಕಾಯಿತು.

ಆ ದುಃಖದಲ್ಲಿಯೇ ಪ್ರವಾಸಗ್ರಂಥವನ್ನು ಬರೆದು 1897ರಲ್ಲಿ ಹೊರತಂದನು. 1898ರಲ್ಲಿ ಸಾಲವೆಲ್ಲವೂ ತೀರಿತು. ಪರರನ್ನು ನಗಿಸಿ ಗಳಿಸಿದ ಹಣವು ಸಾಲ ಕೊಟ್ಟವರಿಗೆ ಸಂದಿತು. ಮಗಳಿಂದ ಅಗಲಿದ್ದ ಆ ಒಂದು ವರ್ಷವನ್ನು ಮಾತ್ರ ಯಾರೂ ಹಿಂದಿರುಗಿಸಲಾರದೆ ಹೋದರು.