ಶೇರಿ ನಾಲಾ ಯೋಜನೆ

ಸಾಂಗ್ಲಿಯಲ್ಲಿ ಕೃಷ್ಣಾ ನದಿಗೆ ಕೊಳಚೆ ಸೇರದಂತೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅನುದಾನದಲ್ಲಿ ಕೈಗೊಂಡ ಕಾಮಗಾರಿ. 1995ರಲ್ಲಿ ಆರಂಭವಾದ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಲ್ಲಿ ಕೃಷ್ಣಾ ತೀರದ ಕರಾಡ, ಸಾಂಗ್ಲಿ ಸೇರಿದವು. ಊರ ಬಚ್ಚಲು ನೀರನ್ನು ಹೊತ್ತು ತರುವ ಶೇರಿ ನಾಲೆಯನ್ನು ದಡದಲ್ಲೇ ತಡೆದು, ಪಂಪಿನಿಂದ ಎತ್ತಿ, ಧುಳಗಾಂವದ ಹೊಂಡಗಳಲ್ಲಿ ಶುದ್ಧೀಕರಿಸಿ ಹೊಲಗಳಿಗೆ ಬಿಡುವುದು ಇದರ ಕ್ರಮ. ಕಟ್ಟಲು ಅನುದಾನವುಂಟು, ನಡೆಸುವ ಹೊಣೆ ಮಾತ್ರ ಸ್ಥಳೀಯ ಸಂಸ್ಥೆಯದು. ಯೋಜನೆಯ ನಿಜವಾದ ತೊಡಕು ಇಲ್ಲೇ ಇದೆ: ಪಂಪು ನಿಂತರೆ ನಾಲೆ ನೇರ ಹೊಳೆಗೇ ಇಳಿಯುತ್ತದೆ.

1998ರಲ್ಲಿ ಸಾಂಗ್ಲಿ, ಮಿರಜ, ಕುಪವಾಡ ಒಂದೇ ಮಹಾನಗರಪಾಲಿಕೆಯಾದವು; ನಡೆಸುವ ಹೊಣೆ ಈಗ ಆ ಪಾಲಿಕೆಯದು. ಸಾಂಗ್ಲಿಯಲ್ಲಿ ಹೊಳೆಗೆ ಬಿದ್ದ ಕೊಳಚೆ ಕೆಳಗಿನ ಊರುಗಳತ್ತ ಸಾಗುತ್ತದೆ: ಮಿರಜ ದಾಟಿದ ಕೃಷ್ಣೆ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಬೆಳಗಾವಿ ಜಿಲ್ಲೆಗೆ ಬರುತ್ತಾಳೆ.