ಕೆಲಸದ ಒತ್ತಡವನ್ನು ಅರಿವಿಗೆ ತರುವ ಸಾಧನಗಳು: ವಿನ್ಯಾಸ ಮತ್ತು ಬಳಕೆ ಕುರಿತು ಮಾಹಿತಿ

1. ಪೀಠಿಕೆ

ಕೆಲಸದ ಸ್ಥಳದಲ್ಲಿ ಉಂಟಾಗುವ ಮಾನಸಿಕ ಒತ್ತಡವು ಧೂಳು ಅಥವಾ ಯಂತ್ರದ ಶಬ್ದದಂತೆ ಹೊರಗೆ ಗೋಚರಿಸುವುದಿಲ್ಲ. ಅನೇಕ ವೇಳೆ ಅದನ್ನು ಅನುಭವಿಸುತ್ತಿರುವವರಿಗೂ ತಡವಾಗಿ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಜಂಟಿ ಅಂದಾಜಿನಂತೆ, ದೀರ್ಘಾವಧಿ ದುಡಿಮೆಗೆ ಸಂಬಂಧಿಸಿದ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಂದ 2016ರಲ್ಲಿ 7.45 ಲಕ್ಷ ಜನರು ಮೃತಪಟ್ಟಿರುತ್ತಾರೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದಲ್ಲಿ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯವು ಸುಮಾರು ಶೇ. 35ರಷ್ಟು ಅಧಿಕವಾಗಿರುತ್ತದೆ.

ಒತ್ತಡವನ್ನು ಮುಂಚಿತವಾಗಿ ಅರಿಯಲು ನೆರವಾಗುವ ದೀಪ, ಕೈಕಡಗ, ಬಟ್ಟಲು ಮುಂತಾದ ಸಾಧನಗಳನ್ನು ವಿವಿಧ ದೇಶಗಳಲ್ಲಿ ರೂಪಿಸಲಾಗಿದೆ. ಇವುಗಳನ್ನು ವಿನ್ಯಾಸಗೊಳಿಸುವ, ಅಳವಡಿಸುವ ಅಥವಾ ಬಳಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಕಾರ್ಯ ವಿಧಾನ

ಮನಸ್ಸು ಉದ್ವಿಗ್ನಗೊಂಡಾಗ ಬೆವರು ಗ್ರಂಥಿಗಳು ಚುರುಕಾಗಿ, ಚರ್ಮದ ವಿದ್ಯುತ್ ವಾಹಕತೆಯು ಹೆಚ್ಚುತ್ತದೆ. ಹೃದಯ ಬಡಿತಗಳ ನಡುವಿನ ಅಂತರದಲ್ಲಿಯೂ ವ್ಯತ್ಯಾಸವಾಗುತ್ತದೆ. ಸಾಧನವು ಈ ಬದಲಾವಣೆಗಳನ್ನು ಅಳೆದು ಬೆಳಕು, ಬಣ್ಣ ಅಥವಾ ಚಲನೆಯ ರೂಪದಲ್ಲಿ ತೋರಿಸುತ್ತದೆ. ಆದರೆ ಬಿಸಿಲು, ಮೆಟ್ಟಿಲು ಹತ್ತುವುದು, ಕಾಫಿ ಸೇವನೆ ಹಾಗೂ ಸಂತೋಷದಿಂದಲೂ ಇಂತಹ ಬದಲಾವಣೆಗಳು ಉಂಟಾಗಬಹುದು. ಆದ್ದರಿಂದ ಸಾಧನದ ಸೂಚನೆಯನ್ನು ರೋಗನಿರ್ಣಯವೆಂದು ಭಾವಿಸತಕ್ಕದ್ದಲ್ಲ.

3. ಕೆಲವು ನಿದರ್ಶನಗಳು

(ಅ) ಬೆಳಗುವ ಬಟ್ಟಲು: ಫಿಲಿಪ್ಸ್ ಸಂಸ್ಥೆ ಮತ್ತು ಎಬಿಎನ್ ಆಮ್ರೋ ಬ್ಯಾಂಕ್ 2009ರಲ್ಲಿ, ಮನೆಯಿಂದಲೇ ಷೇರು ವ್ಯವಹಾರ ನಡೆಸುವವರಿಗಾಗಿ ‘ರ‍್ಯಾಷನಲೈಜರ್’ ಎಂಬ ಪ್ರಾಯೋಗಿಕ ಸಾಧನವನ್ನು ಪ್ರದರ್ಶಿಸಿದವು. ಕೈಕಡಗವು ಚರ್ಮದ ವಾಹಕತೆಯನ್ನು ಅಳೆಯುತ್ತಿತ್ತು. ಉದ್ವೇಗ ಏರಿದಂತೆ ಬೆಳಕು ತಿಳಿಹಳದಿಯಿಂದ ಕಡುಗೆಂಪಿಗೆ ತಿರುಗುತ್ತಿತ್ತು.

(ಆ) ಮೇಜಿನ ದೀಪ: 2017ರಲ್ಲಿ ಪ್ರಕಟವಾದ ‘ಫ್ಲೋಲೈಟ್’ ಅಧ್ಯಯನದಲ್ಲಿ, ಉದ್ಯೋಗಿಯ ಕಂಪ್ಯೂಟರ್ ಬಳಕೆಯನ್ನು ಆಧರಿಸಿ ಬಣ್ಣ ಬದಲಿಸುವ ದೀಪವನ್ನು 12 ದೇಶಗಳ 449 ಉದ್ಯೋಗಿಗಳ ಮೇಜುಗಳಲ್ಲಿ ಅಳವಡಿಸಲಾಗಿತ್ತು. ಕೆಲಸದ ನಡುವಿನ ಅಡಚಣೆಗಳು ಶೇ. 46ರಷ್ಟು ಕಡಿಮೆಯಾದವು. ಈ ದೀಪವು ‘ಈಗ ಮಾತನಾಡಿಸಬಹುದೇ’ ಎಂಬುದನ್ನು ಮಾತ್ರ ಸಹೋದ್ಯೋಗಿಗಳಿಗೆ ತಿಳಿಸುತ್ತದೆಯೇ ಹೊರತು ಮನಃಸ್ಥಿತಿಯನ್ನಲ್ಲ.

(ಇ) ಚಿಟ್ಟೆಯಾಕಾರದ ಸಾಧನ: 2013ರ ‘ಮೂಡ್‌ವಿಂಗ್ಸ್’ ಎಂಬ ಧರಿಸುವ ಚಿಟ್ಟೆಯು ಒತ್ತಡಕ್ಕೆ ಅನುಗುಣವಾಗಿ ರೆಕ್ಕೆ ಬಡಿಯುತ್ತಿತ್ತು. ವಾಹನ ಚಾಲನೆಯ ಪ್ರಯೋಗದಲ್ಲಿ ಇದನ್ನು ಧರಿಸಿದವರು ಹೆಚ್ಚು ಸುರಕ್ಷಿತವಾಗಿ ವಾಹನ ಚಲಾಯಿಸಿದರು. ಆದರೆ ಅವರ ಒತ್ತಡವು ಇಳಿಯುವ ಬದಲು ಏರಿತು. ಒತ್ತಡವನ್ನು ತೋರಿಸುವುದೇ ಒತ್ತಡಕ್ಕೆ ಕಾರಣವಾಗಬಹುದೆಂಬುದನ್ನು ವಿನ್ಯಾಸಕಾರರು ಗಮನದಲ್ಲಿಡುವುದು ಅವಶ್ಯ.

4. ವಿನ್ಯಾಸದಲ್ಲಿ ಗಮನಿಸಬೇಕಾದ ಅಂಶಗಳು

• ಸೂಚನೆಯು ಸೌಮ್ಯವಾಗಿರಬೇಕು. ಗಂಟೆ, ಮಿನುಗುವ ಕೆಂಪು ದೀಪ ಮುಂತಾದ ಗಾಬರಿ ಹುಟ್ಟಿಸುವ ವಿಧಾನಗಳನ್ನು ಕೈಬಿಡಬೇಕು.
• ಸಾಧನವನ್ನು ಆರಿಸುವ, ತೆಗೆದಿಡುವ ಅಧಿಕಾರವು ಬಳಸುವವರಿಗೇ ಇರಬೇಕು.
• ದೇಹಸ್ಥಿತಿಯ ವಿವರಗಳು ಬಳಸುವವರಿಗೆ ಮಾತ್ರ ಲಭ್ಯವಿರಬೇಕು. ಅವುಗಳನ್ನು ಬಡ್ತಿ, ವೇತನ ಅಥವಾ ಹಾಜರಾತಿಗೆ ಜೋಡಿಸಬಾರದು.
• ಬಳಸಲು ಒಪ್ಪದವರಿಗೆ ಯಾವುದೇ ತೊಂದರೆಯಾಗಬಾರದು.

ತನ್ನ ಕೈಯಲ್ಲಿರುವಾಗ ಕನ್ನಡಿಯಂತಿರುವ ಸಾಧನವು ಮೇಲಧಿಕಾರಿಯ ಕೈ ಸೇರಿದಾಗ ಕಾವಲುಗಣ್ಣಾಗುತ್ತದೆ. ಈ ಕಾರಣದಿಂದ ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆಯು, ಕೆಲಸದ ಸ್ಥಳದಲ್ಲಿ ಉದ್ಯೋಗಿಗಳ ಭಾವನೆಗಳನ್ನು ಊಹಿಸುವ ಕೃತಕ ಬುದ್ಧಿಮತ್ತೆ ವ್ಯವಸ್ಥೆಗಳನ್ನು ವೈದ್ಯಕೀಯ ಮತ್ತು ಸುರಕ್ಷತಾ ಉದ್ದೇಶಗಳ ಹೊರತಾಗಿ ನಿಷೇಧಿಸಿದ್ದು, ಸದರಿ ನಿಷೇಧವು ದಿನಾಂಕ 2-2-2025ರಿಂದ ಅನ್ವಯವಾಗಿದೆ.

5. ಸಾಧನದ ಮಿತಿ

ಸಾಧನವು ಒತ್ತಡವನ್ನು ತೋರಿಸಬಲ್ಲದು, ನಿವಾರಿಸಲಾರದು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರವು 2004ರಲ್ಲಿ ಹೊರಡಿಸಿದ ಮಾನದಂಡಗಳಲ್ಲಿ, ನಿರ್ವಹಣೆ ಸರಿಯಿಲ್ಲದಿದ್ದಲ್ಲಿ ಒತ್ತಡಕ್ಕೆ ಎಡೆಮಾಡುವ ಆರು ಅಂಶಗಳನ್ನು ಗುರುತಿಸಲಾಗಿದೆ: ಕೆಲಸದ ಹೊರೆ, ಕೆಲಸದ ಮೇಲಿನ ಸ್ವಂತ ಹಿಡಿತ, ದೊರೆಯುವ ಬೆಂಬಲ, ಪರಸ್ಪರ ಸಂಬಂಧ, ಪಾತ್ರದ ಸ್ಪಷ್ಟತೆ ಹಾಗೂ ಬದಲಾವಣೆಯ ನಿರ್ವಹಣೆ. ಬಟ್ಟಲು ದಿನವೂ ಕೆಂಪಾಗುತ್ತಿದ್ದರೆ ಪರಿಶೀಲಿಸಬೇಕಾದುದು ಬಟ್ಟಲನ್ನಲ್ಲ, ಈ ಆರು ಅಂಶಗಳನ್ನು. ಇದು ಉದ್ಯೋಗದಾತರ ಹೊಣೆಯಾಗಿರುತ್ತದೆ.

6. ನೆರವು ಪಡೆಯುವ ಬಗೆ

ನಿದ್ರಾಹೀನತೆ, ನಿರಂತರ ಆಯಾಸ ಅಥವಾ ನಿರಾಶೆ ಕಾಡುತ್ತಿದ್ದಲ್ಲಿ ಸಾಧನದ ಸೂಚನೆಗಾಗಿ ಕಾಯದೆ ನೆರವು ಪಡೆಯುವುದು. ದಿನಾಂಕ 10-10-2022ರಂದು ಆರಂಭವಾದ ಟೆಲಿ ಮನಸ್ ಸೇವೆಯನ್ನು 14416 ಸಂಖ್ಯೆಗೆ ಕರೆ ಮಾಡಿ ಪಡೆಯಬಹುದು. ಸೇವೆಯು ಉಚಿತವಾಗಿದ್ದು, ದಿನದ 24 ಗಂಟೆಯೂ ಕನ್ನಡದಲ್ಲಿ ಲಭ್ಯವಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರವಾಗಿದೆ.

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 18ನೇ ಪ್ರಕರಣದಂತೆ ಸರ್ಕಾರದಿಂದ ನಡೆಸಲ್ಪಡುವ ಅಥವಾ ಅನುದಾನಿತ ಸೇವೆಗಳಿಂದ ಮಾನಸಿಕ ಆರೋಗ್ಯ ಆರೈಕೆ ಪಡೆಯುವುದು ಪ್ರತಿಯೊಬ್ಬರ ಹಕ್ಕಾಗಿದ್ದು, 23ನೇ ಪ್ರಕರಣವು ಚಿಕಿತ್ಸೆಯ ವಿವರಗಳ ಗೋಪ್ಯತೆಗೆ ರಕ್ಷಣೆ ನೀಡುತ್ತದೆ. ಸಾರ್ವಜನಿಕರು ಸಂಕೋಚವಿಲ್ಲದೆ ಈ ಸೌಲಭ್ಯದ ಪ್ರಯೋಜನವನ್ನು ಪಡೆದುಕೊಳ್ಳಲು ಕೋರಲಾಗಿದೆ.