ಚಿತ್ರದರ್ಶನವೂ ಪುರುಷರ ಕಂಬನಿಯೂ

ಸಿನೆಮಾ ಮಂದಿರದಲ್ಲಿ ಕರುಣ ಸನ್ನಿವೇಶವೊಂದು ನಡೆಯುತ್ತಿರುವಾಗ, ವಯಸ್ಸಾದ ಗೃಹಸ್ಥನು ಉತ್ತರೀಯದ ಅಂಚಿನಿಂದ ಕಣ್ಣೊರಸಿಕೊಂಡು, ದೀಪ ಹತ್ತಿದೊಡನೆ ಏನೂ ನಡೆಯದವನಂತೆ ಎದ್ದು ಹೊರಡುವುದುಂಟು. ಮನೆಯಲ್ಲಿ ಸಾವು ಸಂಭವಿಸಿದಾಗಲೂ ಕಣ್ಣೀರಿಡದವನು ತೆರೆಯ ಮೇಲಿನ ನೆರಳಿಗಾಗಿ ಅಳುವುದು ವಿಚಿತ್ರವಾಗಿ ತೋರಬಹುದು. ಇದನ್ನು ದೌರ್ಬಲ್ಯವೆಂದು ನಗುವವರೂ ಉಂಟು. ಆದರೆ ಈ ಕಂಬನಿಗೆ ಒಂದು ಇತಿಹಾಸವಿರುವುದು. ಅದು ಸಿನೆಮಾಕ್ಕಿಂತಲೂ ಬಹಳ ಹಳೆಯದು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸುವಾಗ ಅಶ್ರುವನ್ನೂ ಸೇರಿಸಿರುವನು. ಶೋಕವನ್ನು ವಿವರಿಸುವಲ್ಲಿ ಮಾತ್ರ, ಉತ್ತಮರೂ ಮಧ್ಯಮರೂ ಅದನ್ನು ಧೈರ್ಯದಿಂದ ತಾಳಿಕೊಳ್ಳುವರೆಂದೂ, ರೋದನವು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸೇರಿದುದೆಂದೂ ವಿಭಾಗಮಾಡಿರುವನು. ಗಂಡಸು ಅಳಬಾರದೆಂಬ ಲೋಕದ ಮಾತಿಗೆ ಇದು ಆಧಾರವೆಂದು ತಿಳಿಯುವುದು ಸುಲಭ. ಆದರೆ ಈ ನಿಯಮವು ರಂಗದ ಮೇಲಿನ ಪಾತ್ರಕ್ಕೆ ಹೇಳಿದುದೇ ಹೊರತು, ಎದುರಿಗೆ ಕುಳಿತ ಸಹೃದಯನಿಗೆ ಹೇಳಿದುದಲ್ಲ. ಪಾತ್ರವು ತಡೆದುಕೊಂಡ ಅಳು ನೋಡುವವನ ಕಣ್ಣಿನಲ್ಲಿ ಬಂದು ನಿಲ್ಲುವುದು.

ಎಂಟನೆಯ ಶತಮಾನದ ಭವಭೂತಿ ಮಹಾಕವಿಗೆ ಈ ಮರ್ಮವು ಚೆನ್ನಾಗಿ ತಿಳಿದಿದ್ದಿತು. ಆತನ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಲಕ್ಷ್ಮಣನು ತಮ್ಮ ಹಿಂದಿನ ಚರಿತ್ರೆಯನ್ನೇ ಬರೆಯಿಸಿದ ಚಿತ್ರಗಳನ್ನು ಸೀತಾರಾಮರಿಗೆ ತೋರಿಸುವನು. ಸೀತೆಯು ಒಂದು ಚಿತ್ರಕ್ಕೆ ಬೆದರಿದಾಗ, ಇದು ಬರಿಯ ಚಿತ್ರವಲ್ಲವೆ ಎಂದು ರಾಮನು ಸಮಾಧಾನ ಹೇಳುವನು. ಆದರೆ ಸೀತಾಪಹರಣದ ಕಾಲದ ಚಿತ್ರಗಳು ಬಂದಾಗ ಅವನ ಕಣ್ಣಿನಿಂದಲೇ ನೀರು ಹರಿಯುವುದು. ಅದಕ್ಕೆ ಅವನು ಕೊಡುವ ಕಾರಣವು ಮನನೀಯವಾದುದು: ಅಂದು ಪ್ರತೀಕಾರದ ಕಾರ್ಯವು ಮುಂದಿದ್ದುದರಿಂದ ದುಃಖವನ್ನು ಹೇಗೋ ಸಹಿಸಿದ್ದಾಯಿತು, ಈಗ ಅದೇ ದುಃಖವು ಮತ್ತೆ ಪಕ್ವವಾಗಿ, ಹೃದಯದ ಹುಣ್ಣಿನಂತೆ ನೋಯಿಸುತ್ತಿದೆ. ಕಾರ್ಯದ ಒತ್ತಡದಲ್ಲಿ ಅಳಲಾಗದ ಪುರುಷನು ಬಹುಕಾಲದ ಮೇಲೆ ಚಿತ್ರವನ್ನು ನೋಡಿ ಅಳುವನೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಿಲ್ಲ.

ಕನ್ನಡ ನಾಡಿನಲ್ಲಿ ಇಂತಹ ಕಂಬನಿಯನ್ನು ತಲೆತಲಾಂತರದಿಂದ ಬರಿಸಿರುವುದು ಹರಿಶ್ಚಂದ್ರನ ಸ್ಮಶಾನ ಪ್ರಸಂಗ. ಹಂಪೆಯ ರಾಘವಾಂಕನು ಷಟ್ಪದಿಯಲ್ಲಿ ಇದನ್ನು ಹಾಡಿ, ಈ ಕಥೆಯನ್ನು ಕನ್ನಡಿಗರ ಮನೆಮಾತಾಗಿ ಮಾಡಿದನು. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಚಂದ್ರಮತಿಯು ಇರುಳಿನಲ್ಲಿ ಸುಡುಗಾಡಿಗೆ ಹೊತ್ತು ತರುವಳು. ಕಾವಲಿಗಿರುವವನು ವೀರಬಾಹುವಿಗೆ ತನ್ನನ್ನೇ ಮಾರಿಕೊಂಡ ಹರಿಶ್ಚಂದ್ರ. ಹೆಣವು ಯಾರದೆಂದು ತಿಳಿದ ಮೇಲೆಯೂ, ಒಡೆಯನಿಗೆ ಸಲ್ಲಬೇಕಾದ ಸುಂಕವನ್ನು ಬಿಡಲು ಅವನಿಗೆ ಅಧಿಕಾರವಿಲ್ಲ. ತಾಯಿಯು ಬಾಯಿಬಿಟ್ಟು ಗೋಳಿಡಬಲ್ಲಳು. ತಂದೆಗೆ ಅದಕ್ಕೂ ಅವಕಾಶವಿಲ್ಲ. ಪುರುಷರ ಹೃದಯವನ್ನು ಹಿಂಡುವುದು ಮಗುವಿನ ಮರಣವೊಂದೇ ಅಲ್ಲ. ಎದುರಿಗೆ ಮಗನ ಹೆಣವಿರುವಾಗಲೂ ಕರ್ತವ್ಯದ ಮಾತನ್ನೇ ಆಡಬೇಕಾದ ಆ ತಂದೆಯ ಸ್ಥಿತಿ.

ಮಹಾತ್ಮಾ ಗಾಂಧಿಯವರು ರಾಜಕೋಟೆಯಲ್ಲಿ ಬಾಲಕರಾಗಿದ್ದಾಗ ನಾಟಕ ಮಂಡಲಿಯೊಂದು ಆಡಿದ ಹರಿಶ್ಚಂದ್ರ ನಾಟಕವನ್ನು ನೋಡಿದರು. ಅದನ್ನು ನೆನೆದು ಅನೇಕ ಸಲ ಅತ್ತುದಾಗಿ ಆತ್ಮಕಥೆಯಲ್ಲಿ ಹೇಳಿಕೊಂಡಿರುವರು. ಪ್ರೌಢರಾದ ಮೇಲೆ ಓದಿದರೂ ಮನಸ್ಸು ಮೊದಲಿನಂತೆಯೇ ಕರಗುವುದೆಂದು ಬರೆಯಲು ಅವರಿಗೆ ಸಂಕೋಚ ತೋರಲಿಲ್ಲ. ಆ ಕಣ್ಣೀರು ಅವರನ್ನು ದುರ್ಬಲರನ್ನಾಗಿ ಮಾಡಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಭಾರತೀಯ ಸಿನೆಮಾ ಹುಟ್ಟಿದುದೂ ಇದೇ ಕಥೆಯಿಂದ. ದಾದಾಸಾಹೇಬ ಫಾಲ್ಕೆಯವರ ರಾಜಾ ಹರಿಶ್ಚಂದ್ರ ಮೂಕಚಿತ್ರವು ಮುಂಬಯಿಯ ಕಾರೊನೇಷನ್ ಮಂದಿರದಲ್ಲಿ 1913ನೆಯ ಇಸವಿ ಮೇ 3ರಂದು ಸಾರ್ವಜನಿಕರಿಗೆ ಪ್ರದರ್ಶಿತವಾಯಿತು. ಹರಿಶ್ಚಂದ್ರನ ಮಗನಾಗಿ ನಟಿಸಿದವನು ಫಾಲ್ಕೆಯವರ ಸ್ವಂತ ಪುತ್ರ ಭಾಲಚಂದ್ರ. ಸ್ತ್ರೀಯರು ಯಾರೂ ಅಭಿನಯಿಸಲು ಒಪ್ಪದಿದ್ದುದರಿಂದ ರಾಣಿಯ ಪಾತ್ರವನ್ನು ಅಣ್ಣಾ ಸಾಳುಂಕೆ ಎಂಬ ಯುವಕನು ವಹಿಸಿದನು. ಹೀಗೆ ನಮ್ಮ ಸಿನೆಮಾದ ಮೊದಲ ತಾಯಿಯ ಸಂಕಟವನ್ನು ತೋರಿದ ಮುಖವೂ ಗಂಡಸಿನದೇ ಆಗಿದ್ದಿತು.

ಆ ಕಾಲದ ಪ್ರೇಕ್ಷಕರು ಎಂತಹವರೆಂಬುದನ್ನೂ ನೆನೆಯಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ದೇಶದಲ್ಲೆಲ್ಲ ಹಬ್ಬಿ ಅಸಂಖ್ಯಾತ ಮನೆಗಳ ದೀಪವನ್ನಾರಿಸಿತು. ಮಕ್ಕಳ ಮರಣವು ಅಪರೂಪವಲ್ಲದ ಕಾಲವದು. ಮಗುವನ್ನು ಎತ್ತಿಕೊಂಡು ಹೋಗಿ ಸಂಸ್ಕಾರ ಮುಗಿಸಿ ಬಂದ ತಂದೆಗೆ ಮರುದಿನ ಹೊಲವೋ ಕಚೇರಿಯೋ ಕಾದಿರುತ್ತಿದ್ದಿತು. ಮನೆಯ ಹೆಂಗಸರನ್ನು ಸಂತೈಸುವ ಭಾರವೂ ಅವನದೇ. ಅವನನ್ನು ಸಂತೈಸುವವರು ಯಾರು? ಅಂತಹವನು ಮುಂದೊಂದು ದಿನ ಹರಿಶ್ಚಂದ್ರನ ಕಥೆಯನ್ನು ನೋಡಲು ಕುಳಿತರೆ, ಅಲ್ಲಿ ಕಾಣುವವನು ಅಯೋಧ್ಯೆಯ ಅರಸನೊಬ್ಬನೇ ಆಗಿರಲಾರನು.

ಕನ್ನಡದಲ್ಲಿ ಮಾತನಾಡುವ ಚಿತ್ರವು ಸತಿ ಸುಲೋಚನದಿಂದ 1934ರಲ್ಲಿ ಆರಂಭವಾಯಿತು. ಅದರಲ್ಲಿ ನಟಿಸಿದ್ದ ಸುಬ್ಬಯ್ಯ ನಾಯ್ಡು ಅವರೇ 1943ರ ಸತ್ಯ ಹರಿಶ್ಚಂದ್ರದಲ್ಲಿ ಹರಿಶ್ಚಂದ್ರನಾದರು; ನಿರ್ದೇಶಿಸಿದವರು ಆರ್. ನಾಗೇಂದ್ರರಾಯರು. ಮುಂದೆ ತಮಿಳಿನ ಮಾತುಗಳನ್ನು ಜೋಡಿಸಿ ಆ ಚಿತ್ರವನ್ನು ತಮಿಳು ನಾಡಿನಲ್ಲಿಯೂ ತೋರಿಸಿದರು, ಕಣ್ಣೀರಿಗೆ ಭಾಷಾಭೇದವಿಲ್ಲವಷ್ಟೆ. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಗಳ ನಿರ್ದೇಶನದಲ್ಲಿ ರಾಜಕುಮಾರರೂ ಪಂಡರಿಬಾಯಿಯವರೂ ಅದೇ ದಂಪತಿಗಳಾಗಿ ಅಭಿನಯಿಸಿದರು. ಆ ಚಿತ್ರಕ್ಕೆ 2008ರಲ್ಲಿ ಬಣ್ಣ ಕೊಟ್ಟು ಮತ್ತೆ ತೆರೆಗೆ ತಂದಾಗ, ಮೊದಲ ಸಲ ನೋಡಿದ್ದವರ ಮೊಮ್ಮಕ್ಕಳ ಕಾಲ ಬಂದಿದ್ದಿತು.

ರಂಗಭೂಮಿಗೆ ಇಲ್ಲದ ಎರಡು ಸೌಕರ್ಯಗಳು ಸಿನೆಮಾಕ್ಕೆ ಉಂಟು. ನಾಟಕದಲ್ಲಿ ಹಿಂದಿನ ಸಾಲಿನವನಿಗೆ ನಟನ ಧ್ವನಿ ಕೇಳಿದರೂ ಮುಖದ ಸೂಕ್ಷ್ಮಗಳು ಕಾಣುತ್ತಿರಲಿಲ್ಲ. ಚಿತ್ರವು ಆ ಮುಖವನ್ನೇ ಹತ್ತಿರಕ್ಕೆ ತಂದು, ತಡೆಹಿಡಿದ ತುಟಿಯ ನಡುಕವನ್ನು ಎಲ್ಲರಿಗೂ ಸಮನಾಗಿ ತೋರಿಸುವುದು. ಎರಡನೆಯದು ಕತ್ತಲೆ. ಪಕ್ಕದಲ್ಲಿ ಮಡದಿ ಮಕ್ಕಳು ಕುಳಿತಿದ್ದರೂ ಆ ಹೊತ್ತಿನಲ್ಲಿ ಗೃಹಸ್ಥನು ಯಾರ ಕಣ್ಣಿಗೂ ಬೀಳನು.

ಭವಭೂತಿಯು ರಾಮನ ಶೋಕವನ್ನು ಪುಟಪಾಕಕ್ಕೆ ಹೋಲಿಸಿರುವನು. ಬಾಯಿ ಮುಚ್ಚಿದ ಪಾತ್ರೆಯಲ್ಲಿ ಔಷಧವು ಬೇಯುವಂತೆ, ಗಾಂಭೀರ್ಯವು ಹೊರಗೆ ಬಿಡದ ವ್ಯಥೆಯು ಒಳಗೊಳಗೇ ಬೇಯುವುದೆಂದು ಅದರ ತಾತ್ಪರ್ಯ. ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ಅಳಬೇಡವೆಂದು ಕಲಿಸುವುದೆಂದರೆ ಆ ಪಾತ್ರೆಯ ಬಾಯಿಗೆ ಎಳೆವೆಯಲ್ಲಿಯೇ ಮಣ್ಣು ಮೆತ್ತಿದಂತೆ. ಧೈರ್ಯವು ಗುಣವೇ ಸರಿ. ಹರಿಶ್ಚಂದ್ರನಲ್ಲಿ ಅದಿಲ್ಲದಿದ್ದರೆ ಕಥೆಯೇ ಇಲ್ಲ. ಆದರೆ ಆ ಧೈರ್ಯದ ಬೆಲೆಯೆಷ್ಟೆಂಬುದನ್ನು ಅರಿತು ಮರುಗುವವನು ಅಧೀರನಲ್ಲ. ಆದುದರಿಂದ ತಂದೆಯು ಕತ್ತಲೆಯಲ್ಲಿ ಕಣ್ಣೊರಸಿಕೊಳ್ಳುವುದನ್ನು ಕಂಡ ಮಗನು ನಗದೆ, ಕಂಡೆನೆಂದು ತೋರಿಸಿಕೊಳ್ಳದೆ, ಸುಮ್ಮನೆ ಹತ್ತಿರಕ್ಕೆ ಸರಿದು ಕುಳಿತರೆ ಸಾಕು.